ವಿನಾಯಿತಿ ಚೀಟಿಗೆ ಸಹಿ ಹಾಕುವ ಅಧಿಕಾರಿ ಮಹಾಶಯರಿಗೊಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಅಧಿಕಾರಿ ಮಹಾಶಯರ ಸನ್ನಿಧಾನಕ್ಕೆ ಸಾಮಾನ್ಯ ಪ್ರಜೆಯೊಬ್ಬನ ಬಿನ್ನಹ.

ದಾರಿದ್ರ್ಯನಿವಾರಣೆಯ ಉಪಾಯಗಳನ್ನು ಔಷಧಗಳಂತೆಯೇ ಪರೀಕ್ಷಿಸಿ ನೋಡಬಹುದೆಂದು ಲೋಕಕ್ಕೆ ತೋರಿಸಿಕೊಟ್ಟುದಕ್ಕಾಗಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೇಮರ್ ಎಂಬ ಮೂವರು ವಿದ್ವಾಂಸರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು; ಆದರೆ ಅವರಲ್ಲಿ ಮೊದಲಿಬ್ಬರನ್ನು ಅದಕ್ಕೆ ದಶಕಕ್ಕೂ ಹಿಂದೆಯೇ, ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ, ಬರಿಯ ಲೇಖನಿಯಿಂದ ಸೋಲಿಸಿದ ತಮಗೆ ಈವರೆಗೆ ಒಂದು ಶಾಲನ್ನಾದರೂ ಯಾರೂ ಹೊದಿಸಲಿಲ್ಲವೆಂಬುದು ನನ್ನನ್ನು ಬಹುವಾಗಿ ನೋಯಿಸಿದೆ.

ವಿನಯಶೀಲರಾದ ತಾವು ಆ ಕಥೆಯನ್ನು ಹೇಳಿಕೊಳ್ಳಲಾರಿರಾಗಿ ನಾನೇ ಹೇಳುವೆನು. ಅಲ್ಲಿಯ ಆರೋಗ್ಯ ಉಪಕೇಂದ್ರಗಳು ತೆರೆದಿರಬೇಕಾದ ವೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಮುಚ್ಚಿಯೇ ಇರುತ್ತವೆಂಬುದನ್ನು ಸಮೀಕ್ಷೆಯಿಂದ ಕಂಡುಕೊಂಡ ವಿದ್ವಾಂಸರು, ಸೇವಾ ಮಂದಿರವೆಂಬ ಸಂಸ್ಥೆಯ ನೆರವಿನಿಂದಲೂ ಆಡಳಿತದ ಸಮ್ಮತಿಯಿಂದಲೂ, 2006ರಲ್ಲಿ ಚೀಟಿಯೆತ್ತಿ ಆಯ್ದ ಕೆಲವು ಕೇಂದ್ರಗಳ ದಾದಿಯರಿಗೆ ದಿನಾಂಕ ವೇಳೆಗಳ ಮುದ್ರೆಯೊತ್ತುವ ಯಂತ್ರಗಳನ್ನಿತ್ತರು. ಗೊತ್ತುಪಡಿಸಿದ ದಿನಗಳಲ್ಲಿ ಮೂರಾವರ್ತಿ ಮುದ್ರೆ ಬೀಳಬೇಕು; ಅರ್ಧಕ್ಕಿಂತ ಹೆಚ್ಚು ದಿನ ಬೀಳದಿದ್ದರೆ ಸಂಬಳ ಕಡಿತ. ಮೊದಮೊದಲು ಹಾಜರಿ ಇಮ್ಮಡಿಯಾಯಿತು. ಆಗಲ್ಲವೇ ತಾವು ವಿನಾಯಿತಿ ದಿನವೆಂಬ ಬ್ರಹ್ಮಾಸ್ತ್ರವನ್ನು ಹೂಡಿದ್ದು! ದಾದಿಯು ಗೈರುಹಾಜರಾಗಿಲ್ಲ, ಅನ್ಯ ಕರ್ತವ್ಯದ ಮೇಲಿದ್ದಾಳೆ (ನಮ್ಮ ಕಚೇರಿಗಳಲ್ಲಿ ಇದಕ್ಕೆ ಓಓಡಿ ಎಂಬ ಬೀಜಾಕ್ಷರವುಂಟು) ಎಂದು ಕಡತದಲ್ಲಿ ಬರೆದುದೇ ತಡ, ಗೈರುಹಾಜರಿಯೆಂಬ ಪಾಪವು ಪರಿಹಾರವಾಯಿತು. 16 ತಿಂಗಳು ತುಂಬುವಷ್ಟರಲ್ಲಿ ಯಂತ್ರವಿದ್ದ ಕೇಂದ್ರಕ್ಕೂ ಇಲ್ಲದ ಕೇಂದ್ರಕ್ಕೂ ಯಾವ ಭೇದವೂ ಉಳಿಯಲಿಲ್ಲ. ಪಾಪ, ಪಂಡಿತರು ತಮ್ಮ ಪ್ರಬಂಧಕ್ಕೆ ಹೆಣದ ಗಾಯಕ್ಕೆ ಪಟ್ಟಿ ಕಟ್ಟುವುದೆಂಬರ್ಥದ ಶಿರೋನಾಮೆಯನ್ನಿತ್ತು ಸಮಾಧಾನ ಪಟ್ಟುಕೊಂಡರು.

ಶಾಸ್ತ್ರವೇ ದುರ್ಬಲವೆಂದು ಹೇಳುವಂತೆಯೂ ಇಲ್ಲ. ಅದೇ ಸೇವಾ ಮಂದಿರವು ತನ್ನ ಏಕೋಪಾಧ್ಯಾಯ ಶಾಲೆಗಳಲ್ಲಿ ದಿನವೂ ಛಾಯಾಚಿತ್ರ ತೆಗೆಸಿ, ಸಂಬಳವನ್ನು ಅದಕ್ಕೆ ಹೊಂದಿಸಿದಾಗ, ಇತರ ಶಾಲೆಗಳಲ್ಲಿ ನೂರಕ್ಕೆ 42ರಷ್ಟಿದ್ದ ಗೈರುಹಾಜರಿಯು ಅಲ್ಲಿ 21ಕ್ಕಿಳಿಯಿತು. ಚಿತ್ರಕ್ಕೂ ಸಂಬಳಕ್ಕೂ ನಡುವೆ ತಾವಿರಲಿಲ್ಲ, ಅಷ್ಟೆ.

ತಮ್ಮ ಗೋತ್ರದವರು ನಮ್ಮ ಕರ್ನಾಟಕದಲ್ಲಿಯೂ ಉಂಟು. ಇಲ್ಲಿ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆಯ್ದು, ಅವುಗಳ ಪೈಕಿ 140ರಲ್ಲಿ ಹೆಬ್ಬೆಟ್ಟೊತ್ತುವ ಯಂತ್ರವನ್ನಿರಿಸಿ ನೋಡಿದಾಗ, ದಾದಿಯರೇ ಮೊದಲಾದ ಸಿಬ್ಬಂದಿಯ ಹಾಜರಿ ಏರಿತು, ಕಡಿಮೆ ತೂಕದ ಶಿಶುಗಳ ಜನನವೂ ಇಳಿಯಿತು. ವೈದ್ಯರ ಹಾಜರಿ ಮಾತ್ರ ಕದಲಲಿಲ್ಲ. ಗೈರುಹಾಜರಾದವರನ್ನು ದಂಡಿಸಲು ಸರ್ಕಾರವು ಹಿಂಜರಿಯಿತು; ಅದನ್ನು ನಾನು ಪೂರ್ತಿ ಹಳಿಯಲಾರೆ: ವೈದ್ಯನು ಮುನಿದು ರಾಜೀನಾಮೆಯಿತ್ತರೆ ಆ ಹಳ್ಳಿಗೆ ಬರುವ ಮತ್ತೊಬ್ಬನನ್ನು ಎಲ್ಲಿಂದ ಹುಡುಕಿ ತರುವುದು? ಉದಯಪುರದ ಹಳ್ಳಿಗರಾದರೂ, ಬಡವರೂ ಸೇರಿ, ಯಂತ್ರಗಳು ಬರುವ ಮೊದಲೇ ಖಾಸಗಿ ಚಿಕಿತ್ಸಕರ ಬಾಗಿಲಿಗೆ ದಾರಿ ಮಾಡಿಕೊಂಡಿದ್ದರಾಗಿ, ಉಪಕೇಂದ್ರದ ಬೀಗವು ಅವರಿಗೆ ವಿಶೇಷವಾಗಿ ತೋರಿರಲಾರದು.

ಆದುದರಿಂದ ವಿದ್ವಾಂಸರಿಗೂ ತಮಗೂ ಒಟ್ಟಿಗೇ ನನ್ನದೊಂದು ಪ್ರಾರ್ಥನೆ. ಮುಂದಿನ ಪ್ರಯೋಗದಲ್ಲಿ ಚೀಟಿಯೆತ್ತಿ ಅರ್ಧ ಕೇಂದ್ರಗಳಿಗೆ ಯಂತ್ರವನ್ನು ಹಂಚುವ ಬದಲು, ಯಂತ್ರವನ್ನು ಎಲ್ಲಕ್ಕೂ ಕೊಟ್ಟು, ತಮ್ಮ ಲೇಖನಿಯನ್ನು ಮಾತ್ರ ಅರ್ಧ ಕೇಂದ್ರಗಳಿಗೆ ಹಂಚತಕ್ಕದ್ದು. ಇದಕ್ಕೆ ತಮ್ಮದೇ ಅನುಮೋದನೆ ಬೇಕಾಗುವುದೆಂಬುದನ್ನು ಬಲ್ಲೆನಾದ ಕಾರಣ, ಸಹಿಗೆ ಸ್ಥಳ ಬಿಟ್ಟ ನಮೂನೆಯೊಂದನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಧೇಯ,
ಒಬ್ಬ ಪ್ರಜೆ