ನಾಳೆ ಇಷ್ಟು ಹೊತ್ತಿಗೆ ಮೇಷ್ಟ್ರು

ನಮ್ಮೂರಿನ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಯಾವ ಕೆಲಸವನ್ನೂ ಮಾಡುವುದಿಲ್ಲ, ಮಾಡುತ್ತಿರುತ್ತಾರೆ. ಅದೂ ನಾಳೆ. "ನಾಳೆ ಇಷ್ಟು ಹೊತ್ತಿಗೆ ಬಂದು ನೋಡಯ್ಯ, ಐ ಶಲ್ ಬಿ ವೈಟ್‌ವಾಷಿಂಗ್ ದಿಸ್ ವಾಲ್" ಎಂದು ಅವರು ಕೈ ತೋರಿಸಿದ್ದ ಗೋಡೆಯ ಬಿರುಕಲ್ಲಿ ಈಗ ಅರಳಿ ಗಿಡ ಎದೆಮಟ್ಟ ಬೆಳೆದಿದೆ.

'ಶಲ್' ಎಂದದ್ದನ್ನು ಗಮನಿಸಿ. 'ಐ'ಗೆ, 'ವಿ'ಗೆ ಶಲ್, ಮಿಕ್ಕವರಿಗೆಲ್ಲ ವಿಲ್. ಇದು ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕದ ಮಡಿ. ಇಂಗ್ಲೆಂಡಿನವರೇ ಆ ಮಡಿ ಬಿಟ್ಟು ಎಲ್ಲಕ್ಕೂ ವಿಲ್ ಅನ್ನುತ್ತಾರಲ್ಲ ಸಾರ್ ಎಂದರೆ, "ಅವರಿಗೆ ಸರಿಯಾದ ಮೇಷ್ಟ್ರು ಸಿಕ್ಕಿಲ್ಲ ಕಣೋ" ಎಂದು ಮರುಗುತ್ತಾರೆ.

ಬೆಳಿಗ್ಗೆ ಅವರ ಮನೆಗೆ ಹೋದರೆ ಅಮ್ಮಾವ್ರು, "ಸ್ನಾನ ಮಾಡ್ತಾ ಇರ್ತಾರೆ, ಕೂತ್ಕೊಳ್ಳಿ" ಅನ್ನುತ್ತಾರೆ. ತಕ್ಷಣ ಬಚ್ಚಲಿಂದ ಪಾಠ ಶುರು: "ಹಿ ವಿಲ್ ಬಿ ಬೇದಿಂಗ್! ರೂಪ ಭವಿಷ್ಯತ್ತಿನದು, ಅರ್ಥ ಈಗಿನದು. ಕಣ್ಣಾರೆ ಕಾಣದ್ದನ್ನು ಊಹಿಸಿ ಹೇಳೋದು. ಕನ್ನಡದಲ್ಲೂ ಹಾಗೇ ನೋಡು." "ಊಹೆ ಏನ್ ಬಂತು, ಗಂಟೆಯಿಂದ ನಲ್ಲಿ ಸುರೀತಿದೆ" ಎಂದು ಅಮ್ಮಾವ್ರು ಒಳಗೆ ಹೋಗುತ್ತಾರೆ.

ಅವರ ಕೈಚಳಕ ಪೂರ್ತಿ ಕಾಣುವುದು ನನ್ನ ಸ್ಕೂಟರಿನ ವಿಷಯದಲ್ಲಿ. "ವಿಲ್ ಯು ಲೆಂಡ್ ಮಿ" ಎಂದು ಅವರು ಎಂದೂ ಕೇಳಿದವರಲ್ಲ. ಅದು ಬೇಡುವ ಮಾತು. "ವಿಲ್ ಯು ಬಿ ಯೂಸಿಂಗ್ ದ ಸ್ಕೂಟರ್ ದಿಸ್ ಈವ್ನಿಂಗ್?" ಅನ್ನುತ್ತಾರೆ. ನಿನ್ನ ಸಂಜೆಯ ಏರ್ಪಾಡು ಏನು ಅಂತ ವಿಚಾರಿಸಿದೆನಪ್ಪ, ನನ್ನದೇನೂ ಒತ್ತಾಯವಿಲ್ಲ ಎಂಬ ನಯ ಅದರಲ್ಲಿದೆ. ಇಲ್ಲ ಸಾರ್ ಅಂದೆನೋ, ಬೀಗದಕೈ ಅವರ ಜೇಬಿನಲ್ಲಿ. ಸ್ಕೂಟರ್ ವಾಪಸು ಬರುತ್ತದೆ, ಪೆಟ್ರೋಲ್ ಬರುವುದಿಲ್ಲ.

ಹೋದ ಯುಗಾದಿಗೆ 2000 ರೂಪಾಯಿ ಇಸಿದುಕೊಂಡರು. "ಐ ಶಲ್ ಬಿ ರಿಟರ್ನಿಂಗ್ ಇಟ್ ಆನ್ ದ ಫಸ್ಟ್." ನನಗೆ ಆಗಲೇ ಎದೆ ಧಸಕ್ಕೆಂದಿತು. ಹಳೇ ನಿಯಮದ ಪ್ರಕಾರ 'ಐ ವಿಲ್ ರಿಟರ್ನ್' ಅಂದಿದ್ದರೆ ಅದು ಮಾತು ಕೊಟ್ಟ ಹಾಗೆ. 'ಶಲ್ ಬಿ ರಿಟರ್ನಿಂಗ್'ನಲ್ಲಿ ಸಂಕಲ್ಪವೇ ಇಲ್ಲ. ಮಳೆಗಾಲ ಬಂದ ಹಾಗೆ ಅದರ ಪಾಡಿಗೆ ಅದು ಆಗುತ್ತಿರುತ್ತದೆ, ಅಷ್ಟೆ. ಒಂಬತ್ತನೇ ಕ್ಲಾಸಿನಲ್ಲಿ ಬೆತ್ತ ಹಿಡಿದು ಈ ವ್ಯತ್ಯಾಸ ಕಲಿಸಿದವರೂ ಅವರೇ.

ದೀಪಾವಳಿ ಕಳೆದ ಮೇಲೆ ತಡೆಯದೆ ಒಂದು ಚೀಟಿ ಬರೆದು ಕಳಿಸಿದೆ: ಯು ವಿಲ್ ಬಿ ಓಯಿಂಗ್ ಮಿ ಟೂ ಥೌಸಂಡ್ ರುಪೀಸ್ ಟಿಲ್ ಯು ಪೇ. ಸಂಜೆಗೇ ಉತ್ತರ ಬಂತು, ಅದೇ ಚೀಟಿಯ ಮೇಲೆ, ಕೆಂಪು ಶಾಯಿಯಲ್ಲಿ. 'ಓಯಿಂಗ್' ಹೊಡೆದುಹಾಕಿ ಪಕ್ಕದಲ್ಲಿ ಬರೆದಿದ್ದರು: 'ನೋ, ಬಿಲಾಂಗ್, ಓ ಇವು ಸ್ಥಿತಿ ಹೇಳುವ ಕ್ರಿಯಾಪದಗಳು. ಇವಕ್ಕೆ ಐಎನ್‌ಜಿ ಹಚ್ಚಬಾರದೆಂದು ಎಷ್ಟು ಸಲ ಹೇಳಲಿ?'

ಹಣ ಬಂದಿಲ್ಲ. ಹತ್ತಕ್ಕೆ ನಾಲ್ಕು ಅಂಕ ಬಂದಿದೆ.