ಪಿಂಚಣಿ ಪರ್ಯಟನ ಮೀಮಾಂಸೆ

ಶಾಸ್ತ್ರವೆಂದ ಮೇಲೆ ಮೊದಲು ಅಧಿಕಾರಿ ಯಾರೆಂದು ಹೇಳಬೇಕು. ಬೆನ್ನಿಗೊಂದು ಚೀಲ ಏರಿಸಿ, ಕಾಸಿಗೆ ಕಾಸು ಕೂಡಿಸಿ ಊರೂರು ಸುತ್ತುವ ಹಕ್ಕು ಯಾರಿಗುಂಟು? ಅರವತ್ತು ದಾಟಿರಬೇಕು, ಪಿಂಚಣಿ ತಿಂಗಳ ಕೊನೆಯ ವಾರ ಮುಟ್ಟಬಾರದು, ಮಕ್ಕಳು "ಈ ವಯಸ್ಸಲ್ಲಿ ಇದೆಲ್ಲಾ ಯಾಕಪ್ಪಾ?" ಎಂದು ಒಮ್ಮೆಯಾದರೂ ಕೇಳಿರಬೇಕು. ಈ ಮೂರೂ ಲಕ್ಷಣ ಕೂಡಿದವನೇ ಅಧಿಕಾರಿ. ಇದೇ ಕೆಲಸವನ್ನು ಇಪ್ಪತ್ತೈದರ ಹುಡುಗ ಮಾಡಿದರೆ ಸಾಹಸ ಎನ್ನುತ್ತಾರೆ. ಅರವತ್ತೈದರವನು ಮಾಡಿದರೆ ಮನೆಯವರು ಡಾಕ್ಟರಿಗೆ ಫೋನು ಹಚ್ಚುತ್ತಾರೆ.

ಸೂತ್ರ 1: ಚೀಲ ಹಗುರಾದಷ್ಟೂ ಯಾತ್ರೆ ದೀರ್ಘ.

ಭಾಷ್ಯ: ಸ್ಲೀಪರ್ ಬೋಗಿಯಲ್ಲಿ ತಲಾ 40 ಕಿಲೋ ಸಾಮಾನು ಪುಕ್ಕಟೆ ಒಯ್ಯಬಹುದೆಂದು ರೈಲ್ವೆ ಹೇಳುತ್ತದೆ. ಇದು ರೈಲ್ವೆಯ ಔದಾರ್ಯವೇ ಹೊರತು ಬೆನ್ನುಮೂಳೆಯ ಅಪ್ಪಣೆಯಲ್ಲ. ಬೆನ್ನುಮೂಳೆ ಕೊಡುವ ಪರವಾನಗಿ ಐದು ಕಿಲೋಗೆ ಮುಗಿಯಿತು. ಅದರಲ್ಲಿ ಗುಳಿಗೆ ಡಬ್ಬಿ, ಮಂಕಿ ಟೋಪಿ, ಟವೆಲ್ಲು, ಚಟ್ನಿಪುಡಿ, ಹುರಿದ ಅವಲಕ್ಕಿ ಕಳೆದು ಉಳಿದದ್ದು ಬಟ್ಟೆಗೆ. ಎರಡು ಜೊತೆ ಸಾಕೇ ಎಂಬ ಶಂಕೆಗೆ ಸಮಾಧಾನ: ಒಂದು ಮೈಮೇಲಿರುತ್ತದೆ, ಇನ್ನೊಂದು ಒಣಗುತ್ತಿರುತ್ತದೆ, ಮೂರನೆಯದನ್ನು ನೋಡಿ ಮೆಚ್ಚುವವರು ಯಾರೂ ಉಳಿದಿಲ್ಲ.

ಸೂತ್ರ 2: ಕಿಸೆಗಿಂತ ಮೂತ್ರಕೋಶ ಬಲವತ್ತರ.

ಇಲ್ಲಿ ಪೂರ್ವಪಕ್ಷದವರು ಎದ್ದು ಬಸ್ಸಿನ ಪರ ವಾದಿಸುತ್ತಾರೆ. ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಹಿರಿಯ ನಾಗರಿಕರಿಗೆ ಶೇ. 25 ರಿಯಾಯಿತಿ ಉಂಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ, ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸು ಹತ್ತಿದ ಹೆಂಗಸರಿಗೆ ದರವೇ ಇಲ್ಲ. ಪತ್ನಿಯದು ಸೊನ್ನೆ, ಪತಿಯದು ಮುಕ್ಕಾಲು; ಕೂಡಿಸಿ ಭಾಗಿಸಿದರೆ ದಂಪತಿಗೆ ತಲಾ ರೂಪಾಯಿಗೆ ಆರಾಣೆ. ಆಣೆಯ ಲೆಕ್ಕ ಕೇಳಿ ಬೆಳೆದ ಪೀಳಿಗೆಗೆ ಇದಕ್ಕಿಂತ ಆನಂದವುಂಟೇ? ರೈಲಿನಲ್ಲೋ, 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ಕೊರೊನಾ ನೆಪದಲ್ಲಿ ನಿಂತಿತು. ಕೊರೊನಾ ಎರಡನೇ ಅಲೆ, ಮೂರನೇ ಅಲೆ ಎಂದು ತಿರುತಿರುಗಿ ಬಂತು; ರಿಯಾಯಿತಿ ಬರಲಿಲ್ಲ.

ವಾದ ಬಲವಾಗಿದೆ. ಆದರೂ ಖಂಡನೆ ಹೀಗೆ: ರಾತ್ರಿ ಎರಡು ಗಂಟೆಗೆ, ಓಲಾಡುವ ಬಸ್ಸಿನಲ್ಲಿ ಕಂಬಿ ಹಿಡಿದು ಡ್ರೈವರನ ಹತ್ತಿರ ಹೋಗಿ, "ಒಂದ್ನಿಮಿಷ ಸೈಡಿಗೆ ಹಾಕಪ್ಪಾ" ಎಂದು ಬೇಡುವವನಿಗೆ ಉಳಿಸಿದ ಶೇ. 25 ನೆನಪಿರುವುದಿಲ್ಲ. ರೈಲಿನಲ್ಲಿ ಯಾರನ್ನೂ ಬೇಡಬೇಕಿಲ್ಲ. ಲಾಡ್ಜಿನ ಒಂದು ರಾತ್ರಿಯ ಬಾಡಿಗೆಯೂ ಉಳಿಯಿತು. ಬರ್ತ್ ಖಾಲಿ ಇದ್ದರೆ 60ರ ಗಂಡಸಿಗೆ, 45ರ ಹೆಂಗಸಿಗೆ ಕೆಳಬರ್ತೂ ಸಿಗುತ್ತದೆ. ಆದ್ದರಿಂದ ಹಗಲು ಬಸ್ಸು, ರಾತ್ರಿ ರೈಲು ಎಂಬುದೇ ಸಿದ್ಧಾಂತ.

ಉಪಸೂತ್ರ: ರಿಯಾಯಿತಿ ಬೇಕು, ವಯಸ್ಸು ಬೇಡ.

ದೃಷ್ಟಾಂತ: ಬಾದಾಮಿಯ ಬಸ್ಸಿನಲ್ಲಿ, ತಲೆಗೆ ಕಪ್ಪು ಹಚ್ಚಿ ಮಿಂಚುತ್ತಿದ್ದ ಸಹಯಾತ್ರಿಯೊಬ್ಬರು ಆಧಾರ್ ಕಾರ್ಡನ್ನು ಮೊದಲೇ ಕೈಯಲ್ಲಿ ಹಿಡಿದಿದ್ದರು. ಕಂಡಕ್ಟರ್ ಅದರತ್ತ ನೋಡಲೇ ಇಲ್ಲ. "ಇರ್ಲಿ ಬಿಡ್ರಿ ಅಜ್ಜಾರ, ಮಾರಿ ನೋಡಿದ್ರ ಗೊತ್ತಾಗ್ತೈತಿ" ಎಂದು ರಿಯಾಯಿತಿ ಟಿಕೆಟ್ ಕೊಟ್ಟು ಮುಂದೆ ಹೋದ. ಚಿಲ್ಲರೆ ಎಣಿಸಿಕೊಳ್ಳುವುದನ್ನೂ ಮರೆತು ಆ ಮಹನೀಯರು ಬಾದಾಮಿ ಬರುವವರೆಗೆ ಕಿಟಕಿಯಾಚೆ ನೋಡುತ್ತ ಕೂತರು. ಕಾರ್ಡು ಕೇಳಿದ್ದರೆ ಅರ್ಧ ಗಂಟೆ ಬೈಯುತ್ತಿದ್ದರೆಂಬುದೂ ಅಷ್ಟೇ ಸತ್ಯ.

ಸೂತ್ರ 3: ಕೂರುವುದು ಉಚಿತ, ಏಳುವುದು ದುಬಾರಿ.

ಭಾಷ್ಯ: ಧರ್ಮಸ್ಥಳ, ಹೊರನಾಡುಗಳಂಥ ಕ್ಷೇತ್ರಗಳಲ್ಲಿ ಹಸಿದವನಿಗೆ ಊಟ ಸಿದ್ಧ, ಕಾಸು ಕೇಳುವವರಿಲ್ಲ. ಆದರೆ ನೆಲದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಹಿರಿಯನಿಗೆ ಪಾಯಸ ಮುಗಿದ ಮೇಲೆ ನಿಜವಾದ ಬಿಲ್ಲು ಬರುತ್ತದೆ. ಗೋಡೆಯ ಬದಿ ಹಿಡಿಯುವುದು ಈ ಶಾಸ್ತ್ರದ ಪರಮರಹಸ್ಯ. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಮೇಜುಂಟು, ಎಣ್ಣೆಗಾಯಿಯೂ ಉಂಟು. ಅಲ್ಲಿ ಪರೀಕ್ಷೆ ಹಲ್ಲಿಗೆ. ಕಟ್ಟಿಸಿದ ಹಲ್ಲಿನವರು ಖಡಕ್ ರೊಟ್ಟಿಯೊಡನೆ ವಾದಕ್ಕಿಳಿಯದೆ ಬಿಸಿ ರೊಟ್ಟಿ ಹೇಳುವುದು.

ಸೂತ್ರ 4: ದರ ರೂಪಾಯಿಯಲ್ಲಿ, ಬೆಲೆ ಮಂಡಿಯಲ್ಲಿ.

ಭಾಷ್ಯ: ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ಮಧ್ಯಾಹ್ನದ ಬಂಡೆ ಕಾದ ಕಾವಲಿ; ಬೆಳಿಗ್ಗೆ ಬಾಗಿಲು ತೆರೆದೊಡನೆ ಹತ್ತಬೇಕು, ಚೀಲದಲ್ಲಿ ಕಾಲುಚೀಲ ಇರಬೇಕು. ಡೋಲಿಯೂ ಸಿಗುತ್ತದೆ, ಅದಕ್ಕೆ ಕಾಸು ಬಿಚ್ಚಬೇಕು, ಜೊತೆಗೆ ಸಂಕೋಚವನ್ನೂ ಬಿಡಬೇಕು. ಬಾದಾಮಿಯಲ್ಲಿ ಮೆಟ್ಟಿಲು ಕಡಿಮೆ, ಆದರೆ ಗುಹೆಗಳು ನಾಲ್ಕು, ಒಂದಕ್ಕಿಂತ ಒಂದು ಮೇಲೆ. ನಡುವೆ ಕೂರಲು ನಾಚುವವರಿಗೆ ಶಾಸ್ತ್ರ ಧೈರ್ಯ ಹೇಳುತ್ತದೆ: ಮೂರನೆಯ ಗುಹೆ ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578ರದು ಎಂದು ಶಾಸನವೇ ಅಲ್ಲಿದೆ. ಹದಿನಾಲ್ಕು ಶತಮಾನ ಕಾದ ವಿಷ್ಣು ನೀವು ಉಸಿರು ಸುಧಾರಿಸಿಕೊಳ್ಳುವ ಹತ್ತು ನಿಮಿಷ ಕಾಯಲಾರನೇ? ಅವನೂ ಅಲ್ಲಿ ಶೇಷನ ಮೇಲೆ ಕೂತೇ ಇದ್ದಾನೆ.

ನಿರ್ಣಯ: ಹುಡುಗರು ದುಡ್ಡು ಎಣಿಸಿ ಹೊರಡುತ್ತಾರೆ, ಹಿರಿಯರು ಮಂಡಿ, ಮೂತ್ರಕೋಶ, ನಿದ್ದೆ ಮೂರನ್ನೂ ಎಣಿಸಿ ಹೊರಡಬೇಕು. ನಮ್ಮಲ್ಲಿ ಧಾರಾಳವಾಗಿರುವುದು ಸಮಯವೊಂದೇ. ಅದನ್ನು ಖರ್ಚು ಮಾಡಲು ಜಿಪುಣತನ ಸಲ್ಲದು. ಇನ್ನು 'ಈ ವಯಸ್ಸಲ್ಲಿ ಯಾಕೆ' ಎಂಬ ಆಕ್ಷೇಪಕ್ಕೆ ಉತ್ತರ: ಮಂಡಿ ಮನೆಯಲ್ಲಿ ಕೂತರೂ ನೋಯುತ್ತದೆ, ಬಾದಾಮಿಯಲ್ಲಿ ಹತ್ತಿದರೂ ನೋಯುತ್ತದೆ. ಹೇಗಿದ್ದರೂ ನೋಯುವುದಾದರೆ ಗುಹೆ ಇರುವ ಕಡೆ ನೋಯುವುದೇ ಲಾಭ.