ಒಂದರಲ್ಲಿದ್ದ ಖದರು ಎರಡರಲ್ಲಿಲ್ಲ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಸೂಪರ್‌ಹೀರೋಗಳ ತಂಡವೇನೂ ದೊಡ್ಡ ಸಂಗತಿಯಲ್ಲ. ದೊಡ್ಡರಸಿನಕೆರೆಯ ಅಂಬರೀಶ್ 1981ರ ‘ಅಂತ’ ಚಿತ್ರದಲ್ಲಿ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ಕನ್ವರ್‌ಲಾಲ್ ಎರಡೂ ತಾವೇ ಆಗಿ ತಂಡದ ಖರ್ಚನ್ನೇ ಉಳಿಸಿದ್ದರು. ಅಲ್ಲಿ ನಾಯಕನ ಉಗುರು ಕೀಳುವಾಗ ನೋಡುವವರ ಬೆರಳೂ ಮಡಚಿಕೊಳ್ಳುತ್ತದೆ. 2012ರ ಸೂಪರ್‌ಹೀರೋ ತಂಡದ ಚಿತ್ರ ‘ಅವೆಂಜರ್ಸ್’ ಗೆದ್ದದ್ದೂ ಹೊಡೆದಾಟಕ್ಕಿಂತ ಹೆಚ್ಚಾಗಿ ಶೂರರು ತಮ್ಮತಮ್ಮಲ್ಲೇ ಮುನಿಸಿಕೊಂಡದ್ದರಿಂದ. 2015ರ ಎರಡನೆಯದರಲ್ಲಿ ಇಡೀ ಊರನ್ನೇ ಆಕಾಶಕ್ಕೆ ಎತ್ತಿದರು. ಈರುಳ್ಳಿ ಹಾಕದೆ ಮದ್ದೂರು ವಡೆಯ ಅಗಲ ಮಾತ್ರ ಹೆಚ್ಚಿಸಿದ ಹಾಗಾಯಿತು. ನಿರ್ದೇಶಕರು ಬದಲಾಗಿರಬೇಕು ಅನ್ನುತ್ತೀರಾ? ಎರಡಕ್ಕೂ ಜಾಸ್ ವೀಡನ್ನೇ. ‘ಅಂತ’ಕ್ಕೂ ಅದರ ಮುಂದಿನ ಭಾಗವಾದ 1995ರ ‘ಆಪರೇಷನ್ ಅಂತ’ಕ್ಕೂ ರಾಜೇಂದ್ರಸಿಂಗ್ ಬಾಬು ಅವರೇ. ಹೋಗಲಿ, ದುಡ್ಡಾದರೂ ಹೆಚ್ಚು ಬಂತೇ ಅಂದರೆ ಅದೂ ಇಲ್ಲ: ಮೊದಲ ಅವೆಂಜರ್ಸ್ 150 ಕೋಟಿ ಡಾಲರ್ ದಾಟಿದರೆ ಎರಡನೆಯದು 140 ಕೋಟಿಯ ಆಸುಪಾಸಿನಲ್ಲೇ ನಿಂತಿತು. ಮುಂದಿನ ಭಾಗ ಬರೆಯಲು ಕೂರುವ ಮಹನೀಯರೇ, ಊರು ಎತ್ತುವ ಮೊದಲು ಒಮ್ಮೆ ‘ಅಂತ’ ನೋಡಿ.